ಸಿಂಗಪುರದಿಂದ ಕ್ರೂಸ್: ದುಡ್ಡು, ಕಾರ್ಡ್, ಒಟಿಪಿ ಮತ್ತು ಮನೆಗೆ ಫೋನ್

ತುಂಗಾತೀರ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ರಜೆಗೆ ನಾವು ಐದು ಜನ, ಅಂದರೆ ಅಪ್ಪ, ಅಮ್ಮ, ನಾನು, ನನ್ನ ಹೆಂಡತಿ ಮತ್ತು ಎಂಟು ವರ್ಷದ ಮಗಳು, ಸಿಂಗಪುರಕ್ಕೆ ಹೋಗಿ ಅಲ್ಲಿಂದ ನಾಲ್ಕು ರಾತ್ರಿಯ ಕ್ರೂಸ್ ಹತ್ತುತ್ತಿದ್ದೇವೆ. ನಡುವೆ ಪೆನಾಂಗ್ ಮತ್ತು ಫುಕೆಟ್‌ನಲ್ಲಿ ಹಡಗು ನಿಲ್ಲುತ್ತದೆ. ಟಿಕೆಟ್, ವೀಸಾ ಕೆಲಸ ನಡೆದಿದೆ. ಗೊಂದಲ ಇರುವುದು ಎರಡು ವಿಷಯದಲ್ಲಿ.

ಒಂದು, ದುಡ್ಡು. ಸಿಂಗಪುರದಲ್ಲಿ ಸಿಂಗಪುರ ಡಾಲರ್, ಪೆನಾಂಗ್‌ನಲ್ಲಿ ರಿಂಗಿಟ್, ಫುಕೆಟ್‌ನಲ್ಲಿ ಬಾತ್, ಹಡಗಿನೊಳಗೆ ಅಮೆರಿಕನ್ ಡಾಲರ್ ಎನ್ನುತ್ತಾರೆ. ಒಂದು ವಾರದ ಪ್ರವಾಸಕ್ಕೆ ನಾಲ್ಕು ಬಗೆಯ ಹಣ! ಯಾವುದನ್ನು ಎಷ್ಟು ಒಯ್ಯಬೇಕು? ಕಾರ್ಡ್ ಯಾವುದು ಸರಿ? ಎರಡನೆಯದು ಫೋನ್. ಮನೆಯಲ್ಲಿ ಅಜ್ಜಿ ಇದ್ದಾರೆ. ಅವರನ್ನು ನೋಡಿಕೊಳ್ಳಲು ಚಿಕ್ಕಮ್ಮ ಬಂದಿರುತ್ತಾರೆ. ಆದರೂ ದಿನಕ್ಕೊಮ್ಮೆ ಮಾತನಾಡದಿದ್ದರೆ ಅಪ್ಪನಿಗೆ ಸಮಾಧಾನವಿಲ್ಲ. ಅಪ್ಪನ ಪಿಂಚಣಿ ಖಾತೆಯ ಒಟಿಪಿ ಬರುವುದೂ ಅವರ ಹಳೆಯ ಕೀಪ್ಯಾಡ್ ಫೋನಿಗೆ. ಏಜೆಂಟರು ಮಾತ್ರ "ಹಡಗಿನಲ್ಲಿ ಎಲ್ಲವೂ ಸೇರಿದೆ, ದುಡ್ಡು ಮುಟ್ಟುವ ಪ್ರಸಂಗವೇ ಬರುವುದಿಲ್ಲ" ಎನ್ನುತ್ತಿದ್ದಾರೆ. ಹೋಗಿ ಬಂದವರು ದಯವಿಟ್ಟು ತಿಳಿಸಿ.

ಸೆರಂಗೂನ್ ರಸ್ತೆ, ಸಿಂಗಪುರ

ನಿಮ್ಮ ಏಜೆಂಟರು ಹೇಳಿದ್ದರಲ್ಲಿ ಅರ್ಧ ಮಾತ್ರ ನಿಜ. ದುಡ್ಡು ಕೈಯಿಂದ ಮುಟ್ಟುವ ಪ್ರಸಂಗ ಬರುವುದಿಲ್ಲ, ಆದರೆ ಖರ್ಚು ಆಗುತ್ತಲೇ ಇರುತ್ತದೆ. ಹಡಗಿನಲ್ಲಿ ನಗದು ನಡೆಯುವುದಿಲ್ಲ. ಹತ್ತುವಾಗ ಪ್ರತಿಯೊಬ್ಬರಿಗೂ ಒಂದು ಕಾರ್ಡ್ ಕೊಡುತ್ತಾರೆ. ಕೋಣೆಯ ಬೀಗ ತೆರೆಯುವುದೂ ಅದೇ, ಹಡಗಿನಿಂದ ಇಳಿದು ಹತ್ತುವಾಗ ಗುರುತು ತೋರಿಸುವುದೂ ಅದೇ, ಅಂಗಡಿಯಲ್ಲಿ ಖರ್ಚು ಬರೆಸುವುದೂ ಅದೇ. ಲೆಕ್ಕವೆಲ್ಲ ಕೋಣೆಯ ಖಾತೆಗೆ ಸೇರಿ, ಕೊನೆಯ ರಾತ್ರಿ ನೀವು ಕೊಟ್ಟಿರುವ ಕ್ರೆಡಿಟ್ ಕಾರ್ಡಿನಿಂದ ಒಟ್ಟಿಗೆ ಕಡಿತವಾಗುತ್ತದೆ.

ಬಫೆ ಊಟ, ಮುಖ್ಯ ಭೋಜನಶಾಲೆ, ಬಫೆಯಲ್ಲಿ ಸಿಗುವ ನೀರು, ಚಹಾ, ಸಾಮಾನ್ಯ ಕಾಫಿ, ಈಜುಕೊಳ, ಬಹುತೇಕ ಪ್ರದರ್ಶನಗಳು ಟಿಕೆಟ್ಟಿನಲ್ಲಿ ಸೇರಿರುತ್ತವೆ. ಬಾಟಲಿ ಪಾನೀಯ, ಕೆಫೆಯ ಕಾಫಿ, ವಿಶೇಷ ರೆಸ್ಟೋರೆಂಟ್, ಹಡಗಿನವರು ತೆಗೆಯುವ ಫೋಟೋ, ವೈಫೈ, ಬಂದರಿನಲ್ಲಿ ಅವರೇ ನಡೆಸುವ ಪ್ರವಾಸ, ಇವೆಲ್ಲ ಬೇರೆ. ಮಗು ಜೊತೆಗಿದ್ದರೆ ಆಟದ ಯಂತ್ರಗಳ ಕೋಣೆಯ ಬಗ್ಗೆ ಎಚ್ಚರವಿರಲಿ. ಅಲ್ಲಿಯೂ ಅದೇ ಕಾರ್ಡ್ ನಡೆಯುತ್ತದೆ. ಹತ್ತಿದ ದಿನವೇ ಗೆಸ್ಟ್ ಸರ್ವಿಸ್ ಕೌಂಟರಿಗೆ ಹೋಗಿ ಮಗಳ ಕಾರ್ಡಿಗೆ ಖರ್ಚಿನ ಅನುಮತಿ ಬೇಡ ಎಂದರೆ ತೆಗೆದುಬಿಡುತ್ತಾರೆ.

ಹಣದ ಬಗೆ ಯಾವುದು ಎಂಬುದು ಕಂಪನಿಯ ಮೇಲೆ ನಿಂತಿದೆ. ರಾಯಲ್ ಕೆರಿಬಿಯನ್ ಹಡಗಾದರೆ ಅಮೆರಿಕನ್ ಡಾಲರ್. ಸಿಂಗಪುರದಿಂದ ಹೊರಡುವ ಗೆಂಟಿಂಗ್ ಡ್ರೀಮ್ ಹಡಗಾದರೆ ಸಿಂಗಪುರ ಡಾಲರ್. ಬುಕಿಂಗ್ ಪತ್ರದಲ್ಲಿ ಇದು ಇರುತ್ತದೆ, ನೋಡಿಕೊಳ್ಳಿ.

ನಿವೃತ್ತ ಬ್ಯಾಂಕ್ ಅಧಿಕಾರಿ, ಮೈಸೂರು

ನೀವು ದುಡ್ಡು ಮತ್ತು ಫೋನನ್ನು ಎರಡು ಬೇರೆ ವಿಷಯಗಳೆಂದು ಬರೆದಿದ್ದೀರಿ. ನನ್ನ ಪ್ರಕಾರ ಸಮುದ್ರದ ಮೇಲೆ ಅವೆರಡೂ ಒಂದೇ. ನಮ್ಮ ಬ್ಯಾಂಕುಗಳಲ್ಲಿ ಕಾರ್ಡಿನ ಮಿತಿ ಏರಿಸಲು, ಹಣ ವರ್ಗಾಯಿಸಲು, ಹೊಸ ಮೊಬೈಲಿನಲ್ಲಿ ಆ್ಯಪ್ ತೆರೆಯಲು, ಎಲ್ಲದಕ್ಕೂ ಒಟಿಪಿ ಬೇಕು. ಒಟಿಪಿ ಬರಲು ನೆಟ್‌ವರ್ಕ್ ಬೇಕು. ದಡ ಬಿಟ್ಟ ಮೇಲೆ ಅದೇ ಇರುವುದಿಲ್ಲ. ಆದ್ದರಿಂದ ಸಮುದ್ರದಲ್ಲಿರುವಾಗ ಒಂದೇ ಒಂದು ಒಟಿಪಿಯೂ ಬೇಕಾಗದ ಹಾಗೆ ಮನೆಯಿಂದಲೇ ಏರ್ಪಾಡು ಮಾಡಿಕೊಂಡು ಹೊರಡಬೇಕು. ಉಳಿದ ಸಲಹೆಗಳೆಲ್ಲ ಇದರ ಹಿಂದೆ ಬರುತ್ತವೆ.

ಮೊದಲ ಕೆಲಸ, ಕಾರ್ಡಿನ ವಿದೇಶಿ ಬಳಕೆ. 2020ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕಿನ ನಿಯಮದಂತೆ ಹೊಸದಾಗಿ ಕೊಡುವ ಕಾರ್ಡುಗಳು ಭಾರತದೊಳಗಿನ ಬಳಕೆಗೆ ಮಾತ್ರ ತೆರೆದಿರುತ್ತವೆ. ವಿದೇಶಿ ಬಳಕೆಯನ್ನು ನಾವೇ ಆ್ಯಪ್‌ನಲ್ಲಿ ತೆರೆಯಬೇಕು. ಅಲ್ಲಿ ಎಟಿಎಂ, ಅಂಗಡಿಯ ಯಂತ್ರ, ಆನ್‌ಲೈನ್, ಕಾಂಟ್ಯಾಕ್ಟ್‌ಲೆಸ್ (ತಾಗಿಸಿ ಪಾವತಿಸುವುದು) ಎಂದು ಬೇರೆ ಬೇರೆ ಗುಂಡಿಗಳಿರುತ್ತವೆ. ಒಂದನ್ನು ತೆರೆದು ಉಳಿದದ್ದನ್ನು ಬಿಟ್ಟವರು ಬಹಳ ಮಂದಿ. ಪ್ರತಿಯೊಂದರ ದಿನದ ಮಿತಿಯನ್ನೂ ನೋಡಿ. ನಿಮ್ಮ ತಂದೆಯವರ ಪಿಂಚಣಿ ಖಾತೆಯ ಕಾರ್ಡ್ ರುಪೇ ಆಗಿದ್ದರೆ ಅದು ದೇಶದೊಳಗೆ ಮಾತ್ರ ನಡೆಯುವ ಬಗೆಯೋ, ಅಂತರರಾಷ್ಟ್ರೀಯ ಬಗೆಯೋ ಎಂದು ಶಾಖೆಯಲ್ಲಿ ಕೇಳಿ. ಮೊದಲನೆಯದಾದರೆ ಅದನ್ನು ಮನೆಯಲ್ಲೇ ಬಿಡಿ.

ಎರಡನೆಯದು, ಹಡಗಿನ ಖಾತೆಗೆ ಡೆಬಿಟ್ ಕಾರ್ಡ್ ಕೊಡಬೇಡಿ. ಮುಂದೆ ಬರಬಹುದಾದ ಖರ್ಚಿಗೆಂದು ಅವರು ಮೊದಲೇ ಒಂದಿಷ್ಟು ಮೊತ್ತವನ್ನು ತಡೆಹಿಡಿಯುತ್ತಾರೆ. ಖರ್ಚು ಏರಿದಂತೆ ಮತ್ತಷ್ಟು ತಡೆಹಿಡಿಯುತ್ತಾರೆ. ಕ್ರೆಡಿಟ್ ಕಾರ್ಡಿನಲ್ಲಾದರೆ ನಿಮ್ಮ ಮಿತಿ ಸ್ವಲ್ಪ ಕುಗ್ಗುತ್ತದೆ, ಅಷ್ಟೇ. ಡೆಬಿಟ್ ಕಾರ್ಡಿನಲ್ಲಿ ನಿಮ್ಮ ಸ್ವಂತ ಹಣವೇ ಸಿಕ್ಕಿಹಾಕಿಕೊಳ್ಳುತ್ತದೆ. ಅಂತಿಮ ಬಿಲ್ ಪಾವತಿಯಾದ ಮೇಲೂ ತಡೆಹಿಡಿದ ಮೊತ್ತ ಬಿಡುಗಡೆಯಾಗಲು ಹಲವು ದಿನಗಳು ಹಿಡಿಯಬಹುದು. ಅಷ್ಟರಲ್ಲಿ ನೀವು ಸಿಂಗಪುರದ ಹೋಟೆಲಿನಲ್ಲಿ ಅದೇ ಕಾರ್ಡ್ ಕೊಟ್ಟು ನಿಂತಿರುತ್ತೀರಿ.

ಧಾರವಾಡ ಪೇಢೆ

ಕ್ರೆಡಿಟ್ ಕಾರ್ಡಿಗಿಂತ ಫಾರೆಕ್ಸ್ ಕಾರ್ಡ್, ಅಂದರೆ ವಿದೇಶಿ ಹಣವನ್ನು ಮೊದಲೇ ತುಂಬಿಸಿಕೊಂಡು ಹೋಗುವ ಕಾರ್ಡ್, ಉತ್ತಮ ಎಂಬುದು ನನ್ನ ಅನುಭವ. ಹೊರಡುವ ಮುಂಚೆ ಡಾಲರ್ ದರ ಎಷ್ಟಿರುತ್ತದೋ ಅದಕ್ಕೇ ನಿಲ್ಲುತ್ತದೆ. ತುಂಬಿಸಿದ್ದಕ್ಕಿಂತ ಹೆಚ್ಚು ಖರ್ಚಾಗುವ ಭಯವಿಲ್ಲ. ಕಳೆದರೂ ಉಳಿತಾಯ ಖಾತೆಗೆ ಧಕ್ಕೆಯಿಲ್ಲ. ಹಿರಿಯರ ಕೈಯಲ್ಲಿ ಕೊಡಲು ಇದಕ್ಕಿಂತ ನೆಮ್ಮದಿಯದು ಬೇರೊಂದಿಲ್ಲ.

ನಿವೃತ್ತ ಬ್ಯಾಂಕ್ ಅಧಿಕಾರಿ, ಮೈಸೂರು

ನೆಮ್ಮದಿಯ ಮಾತು ಒಪ್ಪುತ್ತೇನೆ, ಲೆಕ್ಕದ ಮಾತು ಪೂರ್ತಿ ಒಪ್ಪುವುದಿಲ್ಲ. ಫಾರೆಕ್ಸ್ ಕಾರ್ಡಿನಲ್ಲಿ ಯಾವ ಹಣ ತುಂಬಿಸಿದ್ದೀರೋ ಅದೇ ಹಣದಲ್ಲಿ ಖರ್ಚು ಮಾಡಿದರೆ ಮಾತ್ರ ಲಾಭ. ಅಮೆರಿಕನ್ ಡಾಲರ್ ತುಂಬಿಸಿ ಫುಕೆಟ್‌ನಲ್ಲಿ ಬಾತ್ ಖರ್ಚು ಮಾಡಿದರೆ ಬಹಳಷ್ಟು ಕಾರ್ಡುಗಳಲ್ಲಿ ಮತ್ತೊಮ್ಮೆ ಪರಿವರ್ತನೆಯ ಶುಲ್ಕ ಬೀಳುತ್ತದೆ. ಹಾಗೆಂದು ಕ್ರೆಡಿಟ್ ಕಾರ್ಡೂ ಅಗ್ಗವಲ್ಲ. ಸಾಮಾನ್ಯ ಕಾರ್ಡಿನಲ್ಲಿ ವಿದೇಶಿ ವಹಿವಾಟಿಗೆ ಶೇಕಡಾ 3.5ರವರೆಗೆ ಶುಲ್ಕವಿದೆ, ಆ ಶುಲ್ಕದ ಮೇಲೆ ಶೇಕಡಾ 18 ಜಿಎಸ್‌ಟಿ. ಒಂದು ಲಕ್ಷ ರೂಪಾಯಿ ಖರ್ಚಿಗೆ 4,130 ರೂಪಾಯಿ ಹೆಚ್ಚುವರಿ. ಈ ಶುಲ್ಕವೇ ಇಲ್ಲದ ಕಾರ್ಡುಗಳೂ ಈಗ ಸಿಗುತ್ತವೆ. ಪ್ರವಾಸಕ್ಕೆ ಒಂದೆರಡು ತಿಂಗಳು ಮೊದಲೇ ಅಂಥದೊಂದನ್ನು ಮಾಡಿಸಿಕೊಳ್ಳುವುದು ಜಾಣತನ.

ಇವರ ಕುಟುಂಬಕ್ಕೆ ನನ್ನ ಸಲಹೆ ಹೀಗಿದೆ. ಹಡಗಿನ ಖಾತೆಗೆ ಒಂದು ಕ್ರೆಡಿಟ್ ಕಾರ್ಡ್, ಅದರ ಮಿತಿ ಸಾಕಷ್ಟಿರಲಿ. ಸಿಂಗಪುರದ ಖರ್ಚಿಗೆ ಸಿಂಗಪುರ ಡಾಲರ್ ತುಂಬಿಸಿದ ಫಾರೆಕ್ಸ್ ಕಾರ್ಡ್. ಮತ್ತೊಂದು ಬ್ಯಾಂಕಿನ ಮತ್ತೊಂದು ಕಾರ್ಡನ್ನು ಹೆಂಡತಿಯ ಬ್ಯಾಗಿನಲ್ಲಿ ಬೇರೆಯಾಗಿ ಇಡಿ. ಕಾರ್ಡ್ ಕಳೆದರೆ ಕರೆ ಮಾಡಬೇಕಾದ ಬ್ಯಾಂಕಿನ ಸಂಖ್ಯೆಯನ್ನು +91 ಸೇರಿಸಿ ಕಾಗದದ ಮೇಲೆ ಬರೆದುಕೊಳ್ಳಿ. 1800ರಿಂದ ಶುರುವಾಗುವ ಉಚಿತ ಸಂಖ್ಯೆಗಳನ್ನು ಹೊರದೇಶದಲ್ಲಿ ನಂಬಿಕೊಳ್ಳಬೇಡಿ.

ಇನ್ನೊಂದು ಎಚ್ಚರಿಕೆ. ಅಂಗಡಿಯ ಯಂತ್ರಕ್ಕೆ ಕಾರ್ಡ್ ಹಾಕಿದಾಗ ಪರದೆಯ ಮೇಲೆ ಎರಡು ಸಾಲು ಬರುತ್ತದೆ. ಒಂದರಲ್ಲಿ ಬಾತ್, ಇನ್ನೊಂದರಲ್ಲಿ ರೂಪಾಯಿ. ರೂಪಾಯಿ ಕಂಡರೆ ಮನಸ್ಸಿಗೆ ಹತ್ತಿರವೆನಿಸುತ್ತದೆ, ಅಂಗಡಿಯವರೂ ಬೆರಳನ್ನು ಅಲ್ಲಿಗೇ ಒಯ್ಯುತ್ತಾರೆ. ಒತ್ತಬೇಕಾದದ್ದು ಬಾತ್. ರೂಪಾಯಿ ಒತ್ತಿದರೆ ವಿನಿಮಯ ದರವನ್ನು ಅಲ್ಲಿನ ಸಂಸ್ಥೆ ತನಗೆ ಬೇಕಾದಂತೆ ಹಾಕಿಕೊಳ್ಳುತ್ತದೆ. ಎಟಿಎಂಗಳಲ್ಲೂ ಇದೇ ಪ್ರಶ್ನೆ ಬರುತ್ತದೆ. ಅಂದ ಹಾಗೆ, ಥಾಯ್ಲೆಂಡಿನ ಎಟಿಎಂಗಳು ವಿದೇಶಿ ಕಾರ್ಡಿಗೆ ಪ್ರತಿ ಸಲವೂ ಇನ್ನೂರಕ್ಕೂ ಹೆಚ್ಚು ಬಾತ್ ಹಿಡಿದುಕೊಳ್ಳುತ್ತವೆ. ಅಲ್ಲಿ ಸಣ್ಣ ಮೊತ್ತ ತೆಗೆಯುವುದು ಶುದ್ಧ ನಷ್ಟ.

ತುಂಗಾತೀರ, ಶಿವಮೊಗ್ಗ

ತುಂಬಾ ಉಪಕಾರವಾಯಿತು ಸರ್. ಹಾಗಾದರೆ ನಗದು ಬೇಡವೇ? ಟಿಸಿಎಸ್ ಎಂದು ಏನೋ ಕಡಿತವಾಗುತ್ತದಂತೆ, ಅದೂ ಅರ್ಥವಾಗಿಲ್ಲ.

ಸೆರಂಗೂನ್ ರಸ್ತೆ, ಸಿಂಗಪುರ

ನಗದು ಬೇಕು, ಆದರೆ ಸ್ವಲ್ಪ. ಬಂದರಿನಲ್ಲಿ ಇಳಿದಾಗ ಎಳನೀರು, ಬಸ್ಸು, ಶೌಚಾಲಯ, ಬೀದಿಯ ತಿಂಡಿ, ಇವಕ್ಕೆಲ್ಲ ಚಿಲ್ಲರೆ ಬೇಕೇ ಬೇಕು. ರಿಂಗಿಟ್, ಬಾತ್ ಎರಡನ್ನೂ ಊರಿನಲ್ಲಿ ಹುಡುಕಿ ಅಲೆಯಬೇಡಿ. ಇಲ್ಲಿ ಲಿಟಲ್ ಇಂಡಿಯಾದ ಮುಸ್ತಫಾ ಸೆಂಟರ್ ಸುತ್ತಮುತ್ತ ಹಣ ಬದಲಿಸುವ ಅಂಗಡಿಗಳು ಸಾಲಾಗಿವೆ, ದರ ಹೊರಗೆ ಫಲಕದಲ್ಲೇ ಇರುತ್ತದೆ. ನಾಲ್ಕು ಅಂಗಡಿ ನೋಡಿ ಬದಲಿಸಿ. ಎರಡು ಬಂದರುಗಳಿಗೂ ಒಂದೊಂದು ದಿನದ ಖರ್ಚಿಗೆ ಆಗುವಷ್ಟು ಸಾಕು.

ಸಿಂಗಪುರದ ಮೆಟ್ರೋ, ಬಸ್ಸಿಗೆ ಕಾಂಟ್ಯಾಕ್ಟ್‌ಲೆಸ್ ವೀಸಾ ಅಥವಾ ಮಾಸ್ಟರ್‌ಕಾರ್ಡ್ ತಾಗಿಸಿದರೆ ಸಾಕು, ಬೇರೆ ಟಿಕೆಟ್ ಬೇಡ. ಆದರೆ ಒಬ್ಬರಿಗೆ ಒಂದು ಕಾರ್ಡ್. ಅಪ್ಪ, ಅಮ್ಮ ಇಬ್ಬರಿಗೂ ಒಂದನ್ನೇ ತಾಗಿಸಲು ಆಗುವುದಿಲ್ಲ. ಕೆಲವು ಅಂಗಡಿಗಳಲ್ಲಿ ನಮ್ಮ ಯುಪಿಐ ಕೂಡ ನಡೆಯುತ್ತದೆ. ಆ್ಯಪ್‌ನಲ್ಲಿ ಯುಪಿಐ ಇಂಟರ್‌ನ್ಯಾಷನಲ್ ಎಂಬುದನ್ನು ಊರಿನಲ್ಲೇ ಚಾಲೂ ಮಾಡಿಕೊಳ್ಳಿ. ಅದನ್ನೇ ನಂಬಿ ಹೊರಡುವುದು ಬೇಡ, ಸಿಕ್ಕ ಕಡೆ ಬಳಸಿ.

ನಿವೃತ್ತ ಬ್ಯಾಂಕ್ ಅಧಿಕಾರಿ, ಮೈಸೂರು

ನಗದಿಗೆ ಕಾನೂನಿನ ಮಿತಿ ತಿಳಿದಿರಲಿ. ಈ ದೇಶಗಳಿಗೆ ಒಂದು ಪ್ರಯಾಣಕ್ಕೆ ಒಬ್ಬರಿಗೆ ವಿದೇಶಿ ನೋಟುಗಳ ರೂಪದಲ್ಲಿ 3,000 ಅಮೆರಿಕನ್ ಡಾಲರ್ ಮೌಲ್ಯದವರೆಗೆ ಕೊಳ್ಳಬಹುದು. ಭಾರತದ ನೋಟುಗಳನ್ನು ಒಬ್ಬರು 25,000 ರೂಪಾಯಿಯವರೆಗೆ ಒಯ್ಯಬಹುದು, ವಾಪಸಾದಾಗ ಆಟೋಗೋ ಕ್ಯಾಬಿಗೋ ಬೇಕಾಗುತ್ತದಲ್ಲ. ವಿಮಾನ ನಿಲ್ದಾಣದ ಕೌಂಟರಿನಲ್ಲಿ ಮಾತ್ರ ಬದಲಿಸಬೇಡಿ. ದರದ ವ್ಯತ್ಯಾಸ ನೋಡಿದರೆ ಹೊಟ್ಟೆ ಉರಿಯುತ್ತದೆ.

ಟಿಸಿಎಸ್ ಎಂದರೆ ಮುಂಗಡವಾಗಿ ಹಿಡಿದುಕೊಳ್ಳುವ ತೆರಿಗೆ, ಕಳೆದುಹೋಗುವ ಹಣವಲ್ಲ. ಫಾರೆಕ್ಸ್ ಕಾರ್ಡ್ ತುಂಬಿಸಲು, ನಗದು ಕೊಳ್ಳಲು, 2025ರ ಏಪ್ರಿಲ್‌ನಿಂದ ವರ್ಷಕ್ಕೆ ಒಬ್ಬರಿಗೆ 10 ಲಕ್ಷ ರೂಪಾಯಿ ದಾಟಿದ ಮೇಲೆ ಮಾತ್ರ ಅದು ಅನ್ವಯಿಸುತ್ತದೆ. ನಿಮಗೆ ಆ ಪ್ರಶ್ನೆ ಬರುವುದಿಲ್ಲ. ವಿದೇಶದಲ್ಲಿದ್ದುಕೊಂಡು ಕ್ರೆಡಿಟ್ ಕಾರ್ಡಿನಲ್ಲಿ ಮಾಡುವ ಖರ್ಚಿಗೂ ಇಲ್ಲ. ಆದರೆ ಏಜೆಂಟರಿಂದ ವಿಮಾನ, ಹೋಟೆಲ್, ಹಡಗು ಎಲ್ಲ ಸೇರಿಸಿ ಪ್ಯಾಕೇಜ್ ಕೊಂಡರೆ ಅದರ ದರವೇ ಬೇರೆ, ಬಿಲ್ಲಿನಲ್ಲಿ ಪ್ರತ್ಯೇಕವಾಗಿ ಹಾಕುತ್ತಾರೆ. ಆ ಬಿಲ್ ಯಾರ ಪ್ಯಾನ್ ಮೇಲೆ ಆಗುತ್ತದೆ ಎಂಬುದು ಮುಖ್ಯ. ತಂದೆಯವರ ಪ್ಯಾನ್ ಕೊಟ್ಟಿದ್ದರೆ, ಅವರು ರಿಟರ್ನ್ ಸಲ್ಲಿಸುವವರಲ್ಲದಿದ್ದರೆ, ಆ ಹಣ ವಾಪಸ್ ಪಡೆಯಲೆಂದೇ ರಿಟರ್ನ್ ಸಲ್ಲಿಸಬೇಕಾಗುತ್ತದೆ. ನಿಮ್ಮ ಪ್ಯಾನ್ ಮೇಲೆ ಮಾಡಿಸಿ. ಸಂಬಳದವರಾದರೆ ಕಚೇರಿಯಲ್ಲಿ ತೋರಿಸಿ, ಸಂಬಳದಿಂದ ಕಡಿತವಾಗುವ ತೆರಿಗೆಯಲ್ಲೇ (ಟಿಡಿಎಸ್) ಹೊಂದಿಸಿಕೊಳ್ಳಬಹುದು.

ಉಣಕಲ್ ಕೆರೆ, ಹುಬ್ಬಳ್ಳಿ

ಫೋನಿನ ವಿಷಯಕ್ಕೆ ಬರುತ್ತೇನೆ. ನಮ್ಮ ಅತ್ತೆಯವರಿಗೆ ಆದದ್ದನ್ನು ಎಲ್ಲರೂ ತಿಳಿದುಕೊಳ್ಳಬೇಕು. ಅವರ ಮೊಬೈಲಿಗೆ ಸಿಂಗಪುರ, ಮಲೇಷ್ಯಾ, ಥಾಯ್ಲೆಂಡ್ ಮೂರೂ ಇರುವ ರೋಮಿಂಗ್ ಪ್ಯಾಕ್ ಹಾಕಿಸಿದ್ದೆವು. ಅಂಗಡಿಯಲ್ಲಿ "ಹಡಗಿನಲ್ಲೂ ಬರುತ್ತದೆಯೇ" ಎಂದು ಬಾಯಿಬಿಟ್ಟು ಕೇಳಿದ್ದೆವು, "ಬರುತ್ತದೆ" ಎಂದಿದ್ದರು. ಬಂತು ನಿಜ. ಬಂದದ್ದು ಹಡಗಿನದೇ ನೆಟ್‌ವರ್ಕ್! ರಾತ್ರಿ ಮಲಗಿದ್ದಾಗ ವಾಟ್ಸ್ಆ್ಯಪ್ ಗುಂಪುಗಳ ಫೋಟೋಗಳೆಲ್ಲ ತಾವಾಗಿಯೇ ಇಳಿದಿವೆ. ಊರಿಗೆ ಬಂದ ಮೇಲೆ ಬಿಲ್ ಹತ್ತು ಸಾವಿರ ದಾಟಿತ್ತು. ದೂರು ಕೊಟ್ಟೆವು. ಪ್ಯಾಕ್ ದೇಶಗಳಿಗೆ, ಹಡಗು ಯಾವ ದೇಶವೂ ಅಲ್ಲ ಎಂದು ಉತ್ತರ ಬಂತು. ಮಾರುವಾಗಲೇ ಇದನ್ನು ಹೇಳಬೇಕಾದದ್ದು ಅವರ ಕರ್ತವ್ಯವಲ್ಲವೇ? ಹಿರಿಯರಿಗೆ ಪ್ಯಾಕ್ ಮಾರುವವರು ಇಷ್ಟು ಅಸಡ್ಡೆ ತೋರಬಾರದು.

ಮಲ್ಪೆ ಕಡಲು

ಹುಬ್ಬಳ್ಳಿಯವರೇ, ನಿಮ್ಮ ಅತ್ತೆಯವರಿಗೆ ಆದದ್ದು ನೋಡಿ ಬೇಸರವಾಯಿತು. ನಾನು ಹಡಗುಗಳ ಭೋಜನ ವಿಭಾಗದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವನು. ನಮ್ಮ ಕರಾವಳಿಯ ಹುಡುಗರು ಇಂಥ ಹಡಗುಗಳಲ್ಲಿ ಬಹಳ ಮಂದಿ ಇದ್ದಾರೆ. ನಿಮ್ಮ ಹಡಗಿನಲ್ಲೂ ಯಾರಾದರೂ ಸಿಕ್ಕರೆ ಕನ್ನಡದಲ್ಲೋ ತುಳುವಿನಲ್ಲೋ ಮಾತನಾಡಿಸಿ, ಅವರಿಗೂ ಖುಷಿಯಾಗುತ್ತದೆ.

ನಡೆಯುವುದು ಹೀಗೆ. ದಡದ ಟವರ್ ಕೆಲವು ಮೈಲಿಗಳಷ್ಟೇ ಸಿಗುತ್ತದೆ. ಹಡಗು ದೂರ ಹೋದ ಮೇಲೆ ಅದರೊಳಗಿನ ಸಣ್ಣ ಮೊಬೈಲ್ ನೆಟ್‌ವರ್ಕನ್ನು ಚಾಲೂ ಮಾಡುತ್ತಾರೆ. ಅದು ಉಪಗ್ರಹದ ಮೂಲಕ ದಡಕ್ಕೆ ಸೇರುತ್ತದೆ. ನಿಮ್ಮ ಫೋನ್ ಪಾಪ, ಸಿಗ್ನಲ್ ಕಂಡಿತೆಂದು ತಾನಾಗಿಯೇ ಅದಕ್ಕೆ ಅಂಟಿಕೊಳ್ಳುತ್ತದೆ. ಪರದೆಯ ಮೇಲೆ ಸೆಲ್ಯುಲಾರ್ ಅಟ್ ಸೀ, ಟೆಲಿನಾರ್ ಮ್ಯಾರಿಟೈಮ್ ಎಂಬಂಥ ಹೆಸರು ಬರಬಹುದು, ಇಲ್ಲವೇ 901 ಎಂದು ಶುರುವಾಗುವ ಅಂಕಿ ಕಾಣಬಹುದು. 901 ಯಾವ ದೇಶದ ಸಂಕೇತವೂ ಅಲ್ಲ. ಅದು ಕಂಡ ಕೂಡಲೇ ಫೋನನ್ನು ಫ್ಲೈಟ್ ಮೋಡಿಗೆ ಹಾಕಿ. ಇನ್ನೂ ಒಳ್ಳೆಯದೆಂದರೆ ಮರೀನಾ ಬೇ ಕ್ರೂಸ್ ಸೆಂಟರಿನಿಂದ ಹಡಗು ಬಿಡುವ ಮುಂಚೆಯೇ ಐದೂ ಜನರ ಫೋನ್ ಫ್ಲೈಟ್ ಮೋಡಿನಲ್ಲಿರಲಿ, ನಿಮ್ಮ ಅಪ್ಪನ ಕೀಪ್ಯಾಡ್ ಫೋನೂ ಸೇರಿ. ಫ್ಲೈಟ್ ಮೋಡಿನಲ್ಲಿಟ್ಟು ವೈಫೈ ಮಾತ್ರ ಬೇರೆಯಾಗಿ ಚಾಲೂ ಮಾಡಬಹುದು. ಹಡಗಿಗೆಂದೇ ಬೇರೆ ರೋಮಿಂಗ್ ಪ್ಯಾಕುಗಳಿವೆ. ಬೇಕೆನಿಸಿದರೆ ನಿಮ್ಮ ಹಡಗಿನ ಹೆಸರು ಆ ಪಟ್ಟಿಯಲ್ಲಿದೆಯೇ ಎಂದು ನೋಡಿಯೇ ಕೊಳ್ಳಿ.

ತುಂಗಾತೀರ, ಶಿವಮೊಗ್ಗ

ಹಾಗಾದರೆ ಅಜ್ಜಿಗೆ ಫೋನ್ ಹೇಗೆ? ಹಡಗಿನ ವೈಫೈ ತೆಗೆದುಕೊಳ್ಳಬೇಕೇ? ಐದು ಜನರಿಗೂ ಕೊಳ್ಳುವುದು ದುಬಾರಿಯಾಗುವುದಿಲ್ಲವೇ?

ಮಲ್ಪೆ ಕಡಲು

ಐದು ಬೇಡ, ಒಂದು ಸಾಕು. ವೈಫೈಯನ್ನು ಉಪಕರಣದ ಲೆಕ್ಕದಲ್ಲಿ, ದಿನದ ಲೆಕ್ಕದಲ್ಲಿ ಮಾರುತ್ತಾರೆ. ಹೆಚ್ಚಿನ ಹಡಗುಗಳಲ್ಲಿ ಒಂದು ಫೋನಿನಲ್ಲಿ ಲಾಗ್‌ಔಟ್ ಮಾಡಿ ಇನ್ನೊಂದರಲ್ಲಿ ಲಾಗಿನ್ ಆಗಬಹುದು. ಮೊದಲು ಅಪ್ಪ ಮಾತನಾಡಲಿ, ಆಮೇಲೆ ನೀವು ಕಚೇರಿಯ ಮೇಲ್ ನೋಡಿ. ಹತ್ತುವ ಮುಂಚೆ ಕಂಪನಿಯ ಆ್ಯಪ್‌ನಲ್ಲಿ ಕೊಂಡರೆ ಹಡಗಿನೊಳಗಿನ ಬೆಲೆಗಿಂತ ಸಾಮಾನ್ಯವಾಗಿ ಕಡಿಮೆ. ಕುಟುಂಬದವರು ಪರಸ್ಪರ ಹುಡುಕಾಡಲು ಆ ಆ್ಯಪ್‌ನಲ್ಲೇ ಸಂದೇಶ ಕಳಿಸುವ ಸೌಲಭ್ಯವನ್ನು ಹಲವು ಕಂಪನಿಗಳು ಕೊಡುತ್ತವೆ, ಅದಕ್ಕೆ ಇಂಟರ್‌ನೆಟ್ ಪ್ಯಾಕ್ ಬೇಕಿಲ್ಲ. ಆ್ಯಪನ್ನು ಮಾತ್ರ ದಡದಲ್ಲೇ ಇಳಿಸಿಕೊಳ್ಳಿ.

ಹಿಂದೆ ಹಡಗಿನ ಇಂಟರ್‌ನೆಟ್ ಎಂದರೆ ತಾಳ್ಮೆಯ ಪರೀಕ್ಷೆ. ಉಪಗ್ರಹ ಸುಮಾರು 36,000 ಕಿಲೋಮೀಟರ್ ಮೇಲಿರುತ್ತಿತ್ತು. "ಊಟ ಆಯಿತಾ" ಎಂದು ಕೇಳಿದರೆ, ಉತ್ತರ ಬರುವಷ್ಟರಲ್ಲಿ ನಾವೇ ಮತ್ತೊಂದು ಪ್ರಶ್ನೆ ಕೇಳಿಬಿಟ್ಟಿರುತ್ತಿದ್ದೆವು. ಬಂದರು ಬಂದ ಕೂಡಲೇ ನಾವು ಓಡುತ್ತಿದ್ದದ್ದು ನಾವಿಕರಿಗೆಂದೇ ಇರುವ ಸೀಮನ್ಸ್ ಕ್ಲಬ್ಬಿನ ವೈಫೈಗೆ. 2022ರಿಂದ ದೊಡ್ಡ ಕಂಪನಿಗಳು ಸ್ಟಾರ್‌ಲಿಂಕ್ ಎಂಬ ಉಪಗ್ರಹ ಇಂಟರ್‌ನೆಟ್ ಹಾಕಿಸತೊಡಗಿದವು. ಆ ಉಪಗ್ರಹಗಳು 550 ಕಿಲೋಮೀಟರ್ ಆಸುಪಾಸಿನಲ್ಲಿವೆ. ಈಗ ಮುಖ ನೋಡಿ ಮಾತನಾಡಲು ತೊಂದರೆಯಿಲ್ಲ. ಬಂದರು ಬಿಟ್ಟ ಮೊದಲ ಒಂದೆರಡು ತಾಸು, ಊಟವಾದ ಮೇಲಿನ ಸಮಯ, ಇವೆರಡರಲ್ಲಿ ಎಲ್ಲರೂ ಒಟ್ಟಿಗೆ ಕೂರುವುದರಿಂದ ನಿಧಾನ. ನಮ್ಮ ಊರಿನ ಸಮಯ ಸಿಂಗಪುರಕ್ಕಿಂತ ಎರಡೂವರೆ ತಾಸು ಹಿಂದೆ. ಹಡಗಿನಲ್ಲಿ ಬೆಳಗಿನ ಒಂಬತ್ತೂವರೆ ಎಂದರೆ ಶಿವಮೊಗ್ಗದಲ್ಲಿ ಏಳು. ತಿಂಡಿ ಮುಗಿಸಿ ಆ ಹೊತ್ತಿಗೆ ಮಾತನಾಡಿ, ಅಜ್ಜಿಯೂ ಎದ್ದಿರುತ್ತಾರೆ, ಲೈನೂ ಖಾಲಿಯಿರುತ್ತದೆ.

ಹೊರಡುವ ಮುಂಚೆ ಫೋಟೋಗಳ ಬ್ಯಾಕಪ್, ಆ್ಯಪ್‌ಗಳ ಅಪ್‌ಡೇಟ್, ವಾಟ್ಸ್ಆ್ಯಪ್‌ನಲ್ಲಿ ತಾನಾಗಿ ಚಿತ್ರ ಇಳಿಯುವುದು, ಮೂರನ್ನೂ ನಿಲ್ಲಿಸಿ.

ಸೆರಂಗೂನ್ ರಸ್ತೆ, ಸಿಂಗಪುರ

ಬಂದರುಗಳಲ್ಲಿ ಬಳಸಲು ಮೂರು ದೇಶಗಳಿಗೂ ನಡೆಯುವ ಒಂದು ಇ-ಸಿಮ್ (ಚಿಪ್ ಇಲ್ಲದೆ ಫೋನಿನೊಳಗೇ ಹಾಕಿಸುವ ಸಿಮ್) ತೆಗೆದುಕೊಳ್ಳಿ. ನಿಮ್ಮ ಫೋನ್ ಅದಕ್ಕೆ ಹೊಂದುತ್ತದೆಯೇ ಎಂದು ನೋಡಿ, ಮನೆಯ ವೈಫೈಯಲ್ಲಿ ಕುಳಿತೇ ಹಾಕಿಸಿ. ಡೇಟಾ ಇ-ಸಿಮ್‌ನಿಂದ, ಒಟಿಪಿ ಭಾರತದ ಸಿಮ್‌ಗೆ. ಭಾರತದ ಸಿಮ್‌ನಲ್ಲಿ ಡೇಟಾ ರೋಮಿಂಗ್ ಮುಚ್ಚಿರಬೇಕು, ಆದರೆ ರೋಮಿಂಗ್ ಸೇವೆ ಚಾಲೂ ಇರಬೇಕು. ಇಲ್ಲದಿದ್ದರೆ ಎಸ್‌ಎಂಎಸ್ ಬರುವುದಿಲ್ಲ. ನಿಮ್ಮ ಕಂಪನಿ ರೋಮಿಂಗ್‌ನಲ್ಲಿ ಒಳಬರುವ ಎಸ್‌ಎಂಎಸ್‌ಗೆ ಶುಲ್ಕ ಹಾಕುತ್ತದೆಯೇ ಎಂದು ಕೇಳಿಕೊಳ್ಳಿ. ಕರೆ ಬಂದರೆ ಎತ್ತಬೇಡಿ, ಅದಕ್ಕೆ ಶುಲ್ಕವಿದೆ.

ಪೆನಾಂಗ್‌ನಲ್ಲಿ ಹಡಗು ಸ್ವೆಟನ್‌ಹ್ಯಾಮ್ ಪಿಯರ್‌ಗೆ ಬರುತ್ತದೆ. ಜಾರ್ಜ್ ಟೌನ್ ಅಲ್ಲಿಂದ ನಡೆದುಹೋಗುವಷ್ಟೇ ದೂರ, ಅಲ್ಲಿನ ಲಿಟಲ್ ಇಂಡಿಯಾದಲ್ಲಿ ಇಡ್ಲಿ, ದೋಸೆ ಸಿಗುತ್ತದೆ. ಒಟಿಪಿ ಬೇಕಾದ ಬ್ಯಾಂಕ್ ಕೆಲಸ ಏನಾದರೂ ಉಳಿದಿದ್ದರೆ ಅಲ್ಲಿ ನಿಂತು ಮುಗಿಸಿ. ಟ್ಯಾಕ್ಸಿಗೆ ಗ್ರ್ಯಾಬ್ ಆ್ಯಪ್ ಮೂರೂ ದೇಶಗಳಲ್ಲಿ ನಡೆಯುತ್ತದೆ. ಅದರ ನೋಂದಣಿಗೂ ಒಟಿಪಿ ಬೇಕು, ಆದ್ದರಿಂದ ಊರಿನಲ್ಲೇ ಮಾಡಿಕೊಳ್ಳಿ.

ಧಾರವಾಡ ಪೇಢೆ

ಅಪ್ಪನ ಸಿಮ್ಮನ್ನು ಊರಲ್ಲೇ ಚಿಕ್ಕಮ್ಮನ ಹತ್ತಿರ ಬಿಟ್ಟುಹೋದರೆ ಆಗದೇ? ಒಟಿಪಿ ಬಂದಾಗ ಅವರು ಓದಿ ಹೇಳುತ್ತಾರೆ.

ನಿವೃತ್ತ ಬ್ಯಾಂಕ್ ಅಧಿಕಾರಿ, ಮೈಸೂರು

ಖಂಡಿತ ಬೇಡ. ಮನೆಯವರ ಮೇಲಿನ ಅಪನಂಬಿಕೆಯಿಂದ ಹೇಳುತ್ತಿಲ್ಲ. ಒಟಿಪಿಯನ್ನು ಫೋನಿನಲ್ಲಿ ಓದಿ ಹೇಳುವ ಅಭ್ಯಾಸ ಒಮ್ಮೆ ಮನೆಯೊಳಗೆ ಬಂದರೆ, ನಾಳೆ ಯಾರೋ ವಂಚಕ ಕರೆ ಮಾಡಿ "ನಿಮ್ಮ ಅಣ್ಣ ಹಡಗಿನಲ್ಲಿ ಸಿಕ್ಕಿಬಿದ್ದಿದ್ದಾರೆ, ಒಟಿಪಿ ಹೇಳಿ" ಎಂದಾಗ ಆ ಚಿಕ್ಕಮ್ಮ ಹೇಳಿಬಿಡುತ್ತಾರೆ. ಹಿರಿಯರು ಹೀಗೆ ಖಾತೆ ಬರಿದು ಮಾಡಿಕೊಂಡು ನನ್ನ ಮೇಜಿನ ಮುಂದೆ ಬಂದು ಕುಳಿತದ್ದನ್ನು ನೋಡಿದ್ದೇನೆ. ಮುಂದಿನ ತಿಂಗಳ ವಿದ್ಯುತ್ ಬಿಲ್, ಔಷಧ, ಕೆಲಸದವರ ಸಂಬಳಕ್ಕೆ ಬೇಕಾದ ಹಣವನ್ನು ಚಿಕ್ಕಮ್ಮನ ಖಾತೆಗೆ ಮೊದಲೇ ಹಾಕಿಬಿಡಿ. ಅಪ್ಪನ ಖಾತೆ ಆ ಒಂದು ವಾರ ಸುಮ್ಮನಿರಲಿ.

ಹಾಗೆಯೇ ಮನೆಯವರಿಗೆ ಸ್ಪಷ್ಟವಾಗಿ ಹೇಳಿ ಹೋಗಿ: ನಾವು ದಿನಕ್ಕೊಮ್ಮೆ ಈ ಹೊತ್ತಿಗೆ ಫೋನ್ ಮಾಡುತ್ತೇವೆ, ಒಂದು ದಿನ ಬರದಿದ್ದರೆ ಗಾಬರಿಯಾಗಬೇಡಿ, ನಮ್ಮ ಹೆಸರಿನಲ್ಲಿ ಯಾರು ಹಣ ಕೇಳಿದರೂ ಕೊಡಬೇಡಿ. ಹಡಗಿನ ಹೆಸರು, ಕೋಣೆಯ ಸಂಖ್ಯೆ, ಕಂಪನಿಯ ತುರ್ತು ದೂರವಾಣಿ ಸಂಖ್ಯೆ, ವಿಮೆಯ ಪಾಲಿಸಿ ಸಂಖ್ಯೆ ಒಂದು ಹಾಳೆಯಲ್ಲಿ ಅವರ ಬಳಿ ಇರಲಿ.

ಹೆಬ್ಬಾಳ

ಒಂದು ಸಣ್ಣ ಉಳಿತಾಯದ ದಾರಿ. ಟಿಪ್ಸ್ ಎಂದು ತಲೆಗೆ ದಿನಕ್ಕಿಷ್ಟು ತಾವಾಗಿಯೇ ಸೇರಿಸುತ್ತಾರೆ, ಮಗುವಿಗೂ ಬಿಡುವುದಿಲ್ಲ. ಕೌಂಟರಿಗೆ ಹೋಗಿ ಕೇಳಿದರೆ ಕೆಲವು ಕಂಪನಿಗಳಲ್ಲಿ ತೆಗೆಯುತ್ತಾರೆ. ಐದು ಜನ, ನಾಲ್ಕು ರಾತ್ರಿ, ತಲೆಗೆ 18 ಡಾಲರ್ ಎಂದು ಹಿಡಿದರೆ 360 ಡಾಲರ್. ಅದರಲ್ಲಿ ಅಲ್ಲೊಂದು ಒಳ್ಳೆಯ ಪ್ರವಾಸವೇ ಆಗುತ್ತದೆ.

ಮಲ್ಪೆ ಕಡಲು

ಹೆಬ್ಬಾಳದವರೇ, ನಿಮ್ಮ ಲೆಕ್ಕ ಸರಿ, ಸಲಹೆಯನ್ನು ಒಪ್ಪಲಾರೆ. ಆ ಹಣ ಕೋಣೆ ಸ್ವಚ್ಛ ಮಾಡುವವರಿಗೆ, ಊಟ ಬಡಿಸುವವರಿಗೆ, ನಿಮ್ಮ ಕಣ್ಣಿಗೆ ಬೀಳದೆ ಕೆಳಗಿನ ಅಂತಸ್ತಿನಲ್ಲಿ ಬಟ್ಟೆ ಒಗೆಯುವವರಿಗೆ ಹಂಚಿಕೆಯಾಗುತ್ತದೆ. ಎಷ್ಟೋ ಹಡಗುಗಳಲ್ಲಿ ನಮ್ಮಂಥವರ ಸಂಪಾದನೆಯ ಮುಖ್ಯ ಪಾಲೇ ಅದು. ಬೆಳಗ್ಗೆ ಐದಕ್ಕೆ ಎದ್ದು, ಮಧ್ಯಾಹ್ನ ಎರಡು ತಾಸು ಕಣ್ಣುಮುಚ್ಚಿ, ರಾತ್ರಿ ಹನ್ನೊಂದರವರೆಗೆ ನಿಂತೇ ಇರುವ ಹುಡುಗ ಆ ದುಡ್ಡಿನಲ್ಲಿ ಊರಲ್ಲಿ ತಂಗಿಯ ಮದುವೆ ಮಾಡುತ್ತಾನೆ, ಮನೆಗೆ ಹೆಂಚು ಹೊದಿಸುತ್ತಾನೆ. ಸೇವೆ ಸರಿಯಿಲ್ಲದಿದ್ದರೆ ದೂರು ಕೊಡಿ, ಖಂಡಿತ ಸರಿಪಡಿಸುತ್ತಾರೆ. ಉಳಿತಾಯಕ್ಕೆಂದು ಮಾತ್ರ ತೆಗೆಸಬೇಡಿ. ಪ್ರವಾಸದ ಖರ್ಚು ಲೆಕ್ಕ ಹಾಕುವಾಗಲೇ ಅದನ್ನು ಟಿಕೆಟ್ಟಿನ ಭಾಗವೆಂದು ಸೇರಿಸಿಕೊಳ್ಳಿ. ಬುಕಿಂಗ್ ಸಮಯದಲ್ಲೇ ಕಟ್ಟಿಬಿಡುವ ಅವಕಾಶವೂ ಹಲವು ಕಂಪನಿಗಳಲ್ಲಿದೆ.

ನಿಜವಾಗಿ ಉಳಿಸಬೇಕಿದ್ದರೆ ಬೇರೆ ಕಡೆ ನೋಡಿ. ಪಾನೀಯದ ಬಿಲ್ಲಿನಲ್ಲಿ ಶೇಕಡಾ 18 ಸೇವಾ ಶುಲ್ಕ ಮೊದಲೇ ಸೇರಿರುವ ಹಡಗುಗಳು ಬಹಳ. ಅದರ ಕೆಳಗೆ ಹೆಚ್ಚುವರಿ ಟಿಪ್ಸ್ ಬರೆಯಲು ಮತ್ತೊಂದು ಖಾಲಿ ಗೆರೆ ಇರುತ್ತದೆ. ಅಲ್ಲಿ ಬರೆಯಲೇಬೇಕೆಂದಿಲ್ಲ.

ಸಿಯಾಟಲ್ ಕನ್ನಡಿಗ

ಇದೇ ಎಳೆಯಲ್ಲಿ ಅಲಾಸ್ಕಾದ ಬಗ್ಗೆ ಎರಡು ಮಾತು. ಇಲ್ಲಿಗೆ ಬರುವ ನಮ್ಮ ತಂದೆ ತಾಯಂದಿರನ್ನು ಬೇಸಿಗೆಯಲ್ಲಿ ಬಹಳ ಜನ ಸಿಯಾಟಲ್‌ನಿಂದ ಅಲಾಸ್ಕಾ ಹಡಗಿಗೆ ಹತ್ತಿಸುತ್ತಾರೆ. ಜೂನೋ, ಕೆಚಿಕಾನ್ ಅಮೆರಿಕದ ಊರುಗಳೇ ಆದ್ದರಿಂದ ಇಲ್ಲಿನ ಸಿಮ್ ನಡೆಯುತ್ತದೆ. ಆದರೆ ನಡುವೆ ಸಮುದ್ರದಲ್ಲಿ ಮೇಲೆ ಹೇಳಿದ 901ರ ಕಥೆಯೇ. ಜೊತೆಗೆ, ಅಮೆರಿಕದ 1886ರ ಒಂದು ಹಳೆಯ ಕಾನೂನಿನ ಕಾರಣ ವಿದೇಶಿ ಧ್ವಜದ ಹಡಗುಗಳು ನಡುವೆ ಬೇರೊಂದು ದೇಶದ ಬಂದರಿನಲ್ಲಿ ನಿಲ್ಲಬೇಕು. ಅದು ಹೆಚ್ಚಾಗಿ ಕೆನಡಾದ ವಿಕ್ಟೋರಿಯಾ. ಭಾರತದ ಪಾಸ್‌ಪೋರ್ಟ್ ಇರುವ ಹಿರಿಯರಿಗೆ ಕೆನಡಾ ವೀಸಾ ಬೇಕಾಗುತ್ತದೆ, ಅವರ ಅಮೆರಿಕನ್ ವೀಸಾ ಮತ್ತೆ ಒಳಬರಲು ಸಿಂಧುವಾಗಿರಬೇಕು. ಟಿಕೆಟ್ ದುಡ್ಡು ಕಟ್ಟಿದ ಮೇಲೆ ಇದು ತಿಳಿದರೆ ಹಣ ವಾಪಸ್ ಸಿಗುವುದು ಕಷ್ಟ.

ಮಲ್ಪೆ ಕಡಲು

ಸಮಯದ ಬಗ್ಗೆ ಹೇಳುವುದು ಉಳಿದಿತ್ತು. ಥಾಯ್ಲೆಂಡ್ ಸಿಂಗಪುರಕ್ಕಿಂತ ಒಂದು ತಾಸು ಹಿಂದೆ. ಹಡಗು ಕೆಲವೊಮ್ಮೆ ತನ್ನ ಗಡಿಯಾರವನ್ನು ಬದಲಿಸದೆ ಸಿಂಗಪುರದ ಸಮಯದಲ್ಲೇ ನಡೆಯುತ್ತದೆ. ನೀವು ಫುಕೆಟ್‌ನಲ್ಲಿ ಫ್ಲೈಟ್ ಮೋಡ್ ತೆಗೆದ ಕೂಡಲೇ ಫೋನ್ ಅಲ್ಲಿನ ಟವರ್ ಹಿಡಿದು ಒಂದು ತಾಸು ಹಿಂದಕ್ಕೆ ಹೋಗುತ್ತದೆ. ಫೋನಿನಲ್ಲಿ ಮೂರೂವರೆ ಎಂದು ನೆಮ್ಮದಿಯಾಗಿ ಎಳನೀರು ಕುಡಿಯುತ್ತಿರುತ್ತೀರಿ, ಹಡಗಿನಲ್ಲಿ ನಾಲ್ಕೂವರೆಯಾಗಿ, ದಡದಿಂದ ಹಡಗಿಗೆ ಕರೆದೊಯ್ಯುವ ಕೊನೆಯ ದೋಣಿ ಹೊರಟಿರುತ್ತದೆ. ಹಿರಿಯರಲ್ಲಿ ಒಬ್ಬರ ಕೈಯಲ್ಲಿ ಸಾಧಾರಣ ಕೈಗಡಿಯಾರವಿದ್ದು, ಅದು ಹಡಗಿನ ಸಮಯದಲ್ಲೇ ಇರಲಿ.

ಪ್ರತಿ ಸಂಜೆ ಮರುದಿನದ ಕಾರ್ಯಕ್ರಮದ ಹಾಳೆ ಕೋಣೆಗೆ ಬರುತ್ತದೆ ಅಥವಾ ಆ್ಯಪ್‌ನಲ್ಲಿ ಸಿಗುತ್ತದೆ. ಎಷ್ಟು ಗಂಟೆಯೊಳಗೆ ಹಡಗಿನಲ್ಲಿರಬೇಕು, ಬಂದರಿನಲ್ಲಿರುವ ಕಂಪನಿಯ ಏಜೆಂಟರ ಫೋನ್ ಸಂಖ್ಯೆ ಏನು ಎಂಬುದು ಅದರಲ್ಲಿರುತ್ತದೆ. ಇಳಿಯುವ ಮುಂಚೆ ಅದರ ಫೋಟೋ ತೆಗೆದುಕೊಳ್ಳಿ. ದಾರಿಯಲ್ಲಿ ಏನಾದರೂ ಆದರೆ ಮೊದಲು ಫೋನ್ ಮಾಡಬೇಕಾದದ್ದು ಆ ಸಂಖ್ಯೆಗೆ. ಪಾಸ್‌ಪೋರ್ಟಿನ ನಕಲು ಮತ್ತು ಒಂದು ಕಾರ್ಡ್ ಯಾವಾಗಲೂ ಮೈಮೇಲಿರಲಿ.

ತುಂಗಾತೀರ, ಶಿವಮೊಗ್ಗ

ಎಲ್ಲರಿಗೂ ಮನಸಾರೆ ಧನ್ಯವಾದ. ಅಮ್ಮನಿಗೆ ರಕ್ತದೊತ್ತಡವಿದೆ. ಹಡಗಿನಲ್ಲಿ ವೈದ್ಯರ ಅಗತ್ಯ ಬಿದ್ದರೆ ಹಣ ಹೇಗೆ? ವಾಪಸ್ ಬಂದ ಮೇಲೆ ಉಳಿದ ವಿದೇಶಿ ಹಣ ಏನು ಮಾಡಬೇಕು?

ನಿವೃತ್ತ ಬ್ಯಾಂಕ್ ಅಧಿಕಾರಿ, ಮೈಸೂರು

ಹಡಗಿನ ಆಸ್ಪತ್ರೆಯಲ್ಲಿ ನಮ್ಮ ದೇಶದ ವಿಮೆ ತೋರಿಸಿದರೆ ಸಾಮಾನ್ಯವಾಗಿ ನಡೆಯುವುದಿಲ್ಲ. ಶುಲ್ಕವೆಲ್ಲ ಕೋಣೆಯ ಖಾತೆಗೇ ಬೀಳುತ್ತದೆ, ಸಣ್ಣ ಮೊತ್ತವೂ ಅಲ್ಲ. ನೀವು ಕಟ್ಟಿ, ಮೊಹರಿರುವ ಬಿಲ್, ವೈದ್ಯರ ಟಿಪ್ಪಣಿ, ಔಷಧದ ಚೀಟಿ ಎಲ್ಲವನ್ನೂ ಇಳಿಯುವ ಮುಂಚೆಯೇ ಪಡೆದು, ಊರಿಗೆ ಬಂದು ಪ್ರವಾಸ ವಿಮೆಯಿಂದ ಪಡೆಯಬೇಕು. ಆದ್ದರಿಂದಲೇ ಕಾರ್ಡಿನ ಮಿತಿ ಧಾರಾಳವಾಗಿರಲಿ ಎಂದದ್ದು. ಪಾಲಿಸಿ ಕೊಳ್ಳುವಾಗ ಅಮ್ಮನ ರಕ್ತದೊತ್ತಡವನ್ನು ತಪ್ಪದೇ ನಮೂದಿಸಿ, ಕ್ರೂಸ್ ಪ್ರಯಾಣಕ್ಕೆ ಅದು ಅನ್ವಯಿಸುತ್ತದೆಯೇ ಎಂದು ಬರವಣಿಗೆಯಲ್ಲಿ ಕೇಳಿ.

ಹಡಗಿನ ಖಾತೆಯ ವಿವರ ಆ್ಯಪ್‌ನಲ್ಲಿ ಅಥವಾ ಕೋಣೆಯ ಟಿವಿಯಲ್ಲಿ ದಿನವೂ ಸಿಗುತ್ತದೆ. ರಾತ್ರಿ ಮಲಗುವ ಮುಂಚೆ ನೋಡಿ. ತಪ್ಪು ಕಂಡರೆ ಮರುದಿನವೇ ಕೌಂಟರಿಗೆ ಹೋಗಿ. ಕೊನೆಯ ರಾತ್ರಿ ಅಲ್ಲಿ ಉದ್ದ ಸಾಲಿರುತ್ತದೆ, ಇಳಿದ ಮೇಲೆ ಇ-ಮೇಲ್‌ನಲ್ಲಿ ಗುದ್ದಾಡುವುದು ಬಹಳ ಕಷ್ಟ. ಅಂತಿಮ ಬಿಲ್ಲನ್ನು ಫೋನಿಗೆ ಇಳಿಸಿಕೊಂಡು, ಊರಿಗೆ ಬಂದ ಮೇಲೆ ಕಾರ್ಡಿನ ಸ್ಟೇಟ್‌ಮೆಂಟ್ ಜೊತೆ ಹೋಲಿಸಿ. ತಡೆಹಿಡಿದ ಮೊತ್ತ ಮತ್ತು ಅಂತಿಮ ಬಿಲ್ ಎರಡೂ ಕೆಲವು ದಿನ ಒಟ್ಟಿಗೆ ಕಾಣಬಹುದು, ಮೊದಲನೆಯದು ತಾನಾಗಿ ಹೋಗುತ್ತದೆ. ಎರಡು ವಾರ ಕಳೆದರೂ ಹೋಗದಿದ್ದರೆ ಬ್ಯಾಂಕಿಗೆ ಲಿಖಿತ ದೂರು ಕೊಡಿ.

ಉಳಿದ ವಿದೇಶಿ ನೋಟುಗಳಲ್ಲಿ ಒಬ್ಬರು 2,000 ಅಮೆರಿಕನ್ ಡಾಲರ್ ಮೌಲ್ಯದವರೆಗೆ ಇಟ್ಟುಕೊಳ್ಳಬಹುದು. ಅದಕ್ಕಿಂತ ಹೆಚ್ಚಿದ್ದರೆ ಬಂದ 180 ದಿನಗಳೊಳಗೆ ಬ್ಯಾಂಕಿಗೆ ಅಥವಾ ಅಧಿಕೃತ ವಿನಿಮಯ ಕೇಂದ್ರಕ್ಕೆ ಮರಳಿಸಬೇಕು. ಫಾರೆಕ್ಸ್ ಕಾರ್ಡಿನಲ್ಲಿ ಉಳಿದದ್ದನ್ನು ಹಾಗೇ ಬಿಡಬೇಡಿ, ಬಳಸದ ಕಾರ್ಡಿಗೆ ಕೆಲವು ಬ್ಯಾಂಕುಗಳು ಶುಲ್ಕ ಹಾಕುತ್ತವೆ. ನಾಣ್ಯಗಳನ್ನು ಇಲ್ಲಿ ಯಾರೂ ಬದಲಿಸಿಕೊಡುವುದಿಲ್ಲ, ಸಿಂಗಪುರದ ಚಾಂಗಿ ವಿಮಾನ ನಿಲ್ದಾಣದಲ್ಲಿ ಮಗಳಿಗೆ ಏನಾದರೂ ಕೊಡಿಸಿ ಮುಗಿಸಿ. ಕಾರ್ಡುಗಳ ವಿದೇಶಿ ಬಳಕೆಯ ಗುಂಡಿಗಳನ್ನು ಮನೆ ತಲುಪಿದ ದಿನವೇ ಮುಚ್ಚಿಬಿಡಿ.